ದುಗ್ಗಿಯ ದೋಣಿಮನೆ

"ನಮ್ಮ ದೋಣಿಮನೆ ಎಷ್ಟು ಉದ್ದ ಅಂದ್ರೆ, ಈ ತುದಿಯಿಂದ ಆ ತುದಿಗೆ ಹೋಗಕ್ಕೆ ಬಸ್ ಹಿಡೀಬೇಕು ಸಾರ್! ನಡುವೆ ಎರಡು ಸ್ಟಾಪು!"

ಐದನೇ ಕ್ಲಾಸು ಗೊಳ್ಳೆಂದಿತು. ಆ ನಗುವಿಗೆ ಹೆಂಚಿನ ಮೇಲಿದ್ದ ಕಾಗೆಗಳೆಲ್ಲ ಬೆಚ್ಚಿಬಿದ್ದು, ಹೊಸನಗರ ದಾಟಿ ತೀರ್ಥಹಳ್ಳಿಯವರೆಗೂ ಹಾರಿಹೋದವು. ದುಗ್ಗಿ ಮಾತ್ರ ನಗಲಿಲ್ಲ.

ದಸರಾ ರಜೆ ಮುಗಿದ ಮೊದಲ ದಿನ. ಕಾಶ್ಮೀರದಲ್ಲಿ ಜನ ದೋಣಿಮನೆಗಳಲ್ಲೇ ಇರುತ್ತಾರೆ ಅಂತ ಮೇಷ್ಟ್ರು ಪಾಠ ಮಾಡುತ್ತಿದ್ದರು. ಅಷ್ಟು ಸಾಕಾಯಿತು. "ನಾನೂ ಇದ್ದೆ ಸಾರ್, ರಜೇಲಿ!" ಅಂತ ದುಗ್ಗಿ ಎದ್ದು ನಿಂತಿದ್ದಳು.

ಬೆಲ್ಲು ಹೊಡೆಯಿತು. ಮೇಷ್ಟ್ರು ಮೀಸೆಯೊಳಗೇ ನಗುತ್ತಾ ಹೊರಗೆ ಹೋದರು. ಹುಡುಗರೆಲ್ಲ ದುಗ್ಗಿಯನ್ನು ಮುತ್ತಿಕೊಂಡರು.

"ಎಂತೆಂತ ಇತ್ತೇ ಅದ್ರಲ್ಲಿ?" ಮನೋರಮಾ ಕೇಳಿದಳು.

"ಹನ್ನೆರಡು ಕೋಣೆ. ಒಂದು ಕೊಟ್ಟಿಗೆ. ಕೊಟ್ಟಿಗೇಲಿ ನಲವತ್ತು ಎಮ್ಮೆ. ಎಲ್ಲಾದಕ್ಕೂ ಈಜು ಬರುತ್ತೆ."

"ಎಮ್ಮೆಗೆ ಹೇಗೂ ಈಜು ಬರುತ್ತಲ್ಲೇ!" ಅಂದ ಉಮಾಮಹೇಶ್ವರ.

"ನಿಮ್ಮನೆ ಎಮ್ಮೆ ಮುಂದಕ್ಕೆ ಮಾತ್ರ ಈಜುತ್ತೆ. ನಮ್ದು ಹಿಂದಕ್ಕೂ ಈಜುತ್ತೆ!"

"ಮತ್ತೆ ಅಡಿಗೆ?"

"ಮೀನು ತಾವಾಗೇ ಹಾರಿ ಬಂದು ಬಾಣಲೆಗೆ ಬೀಳ್ತವೆ. ನಮ್ಮಜ್ಜಿ, ಇವತ್ತಿಗೆ ಸಾಕು, ನಾಳೆ ಬನ್ನಿ ಅಂತ ಉಳಿದವನ್ನ ವಾಪಸ್ ಕಳಿಸುತ್ತೆ."

"ಇಶ್ಶಿ!" ಮನೋರಮಾ ಮೂಗು ಮುಚ್ಚಿಕೊಂಡಳು.

ದುಗ್ಗಿ ಈ ಶಾಲೆಗೆ ಸೇರಿದ್ದು ಜೂನ್‌ನಲ್ಲಿ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರುತ್ತದೆ ಅಂತ ಅವಳ ಊರಿನವರೆಲ್ಲ ಗಂಟುಮೂಟೆ ಕಟ್ಟಿದ್ದರು. ಮೊದಲ ದಿನವೇ ಯಾರೋ "ಮುಳುಗಡೆ ಹುಡುಗಿ" ಅಂದುಬಿಟ್ಟರು. "ನಮ್ಮನೆ ಮುಳುಗೋದೇ ಇಲ್ಲ. ಎತ್ತರದಲ್ಲಿದೆ. ನೀರು ಇಳಿದ್ಮೇಲೆ ವಾಪಸ್ ಹೋಗ್ತೀವಿ" ಅಂತ ಅವಳು ಅಂದೇ ಹೇಳಿದ್ದಳು. ಆಮೇಲೂ ದಿನಕ್ಕೆ ನೂರು ಸಲ ಹೇಳಿದಳು. ಹೇಳಿ ಹೇಳಿ ಅವಳಿಗೇ ನಂಬಿಕೆ ಬಂದುಬಿಟ್ಟಿತ್ತು.

"ಅದು ದೋಣಿಮನೆ ಅಲ್ಲ. ನಮ್ಮೂರ ಹೂವಯ್ಯಮಾಮನ ಜಂಗಲ್ಲು."

ಎಲ್ಲರೂ ತಿರುಗಿ ನೋಡಿದರು. ಅವತ್ತೇ ಶಾಲೆಗೆ ಸೇರಿ ಹಿಂದಿನ ಸಾಲಲ್ಲಿ ಕೂತಿದ್ದ ಹುಡುಗಿ. ದುಗ್ಗಿ ಈಗಷ್ಟೇ ಅವಳ ಮುಖ ನೋಡಿದಳು. ವನಮಾಲಾ! ಊರಲ್ಲಿ ಪಕ್ಕದ ಮನೆಯವಳು. ಇಷ್ಟು ದಿನ ಕೋಣಂದೂರಿನ ಮಾವನ ಮನೆಯಲ್ಲಿದ್ದವಳು.

"ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹೊಡೆದಿದ್ದು ಅಷ್ಟೇ. ನಮ್ಮ ಸಾಮಾನೂ ಅದರಲ್ಲೇ ಬಂತು. ಕೋಣೆಯೂ ಇಲ್ಲ, ಸ್ಟಾಪೂ ಇಲ್ಲ."

"ಸಿಕ್ಕಿಬಿದ್ಲು! ಸಿಕ್ಕಿಬಿದ್ಲು!" ಉಮಾಮಹೇಶ್ವರ ಕುಣಿದ.

ವನಮಾಲಾ ನಗಲಿಲ್ಲ. ಹತ್ತಿರ ಬಂದು ದುಗ್ಗಿಯ ತೋಳು ಹಿಡಿದಳು. "ನೀನು ಊರಿಗೆ ಹೋಗಿದ್ಯಾ? ನಮ್ಮನೆ ಕಂಡ್ತಾ? ಮಾಡಿನ ತುದಿ ಇನ್ನೂ ಕಾಣುತ್ತೆ ಅಂತಾರೆ ಅಪ್ಪ. ಹೌದಾ?"

ದುಗ್ಗಿಯ ನಾಲಿಗೆ ತುದಿಯಲ್ಲಿ ಏಳು ಸುಳ್ಳು ಸಾಲಾಗಿ ನಿಂತಿದ್ದವು. ಮಾಡಿನ ಮೇಲೆ ನವಿಲು ಕೂತಿದೆ ಅನ್ನಬಹುದಿತ್ತು. ಬಾಯಿ ತೆರೆದಳು.

ರಜೆಯಲ್ಲಿ ಅಪ್ಪ ನಿಂಗಪ್ಪ, ಊರ ಗುಡ್ಡದ ಮೇಲೆ ಪೇರಿಸಿಟ್ಟಿದ್ದ ಮರ, ಬಾಗಿಲು ತರಲು ಹೂವಯ್ಯಮಾಮನ ಜಂಗಲ್ಲಿನಲ್ಲಿ ಹೊರಟಿದ್ದ. ಅಜ್ಜಿ ಗುತ್ಯಮ್ಮನೂ ಹಟಮಾಡಿ ಹತ್ತಿದಳು. ದುಗ್ಗಿಯೂ ಹತ್ತಿದಳು. ಮೂರು ದಿನ ಜಂಗಲ್ಲಿನ ಮೇಲೇ ಊಟ, ನಿದ್ದೆ.

ಭೂಮಿ ಹುಣ್ಣಿಮೆಯ ಬೆಳಿಗ್ಗೆ ಊರು ಬಂತು ಅಂದ ಅಪ್ಪ. ದುಗ್ಗಿ ಬಗ್ಗಿ ನೋಡಿದಳು. ನೀರಿನಡಿ ಮನೆ, ಗಾಜಿನೊಳಗೆ ಇಟ್ಟ ಹಾಗೆ ಕಾಣುತ್ತದೆ ಅಂದುಕೊಂಡಿದ್ದಳು. ಕೆಂಪು ರಾಡಿ ನೀರು. ಎಲ್ಲಿ ನೋಡಿದರೂ ಅದೇ. ಅಪ್ಪ ಉದ್ದದ ಬಿದಿರು ಗಳುವನ್ನು ಇಳಿಸಿದ. ಇಡೀ ಗಳು ಒಳಗೆ ಹೋಯಿತು. ತಳ ಸಿಗಲಿಲ್ಲ.

"ಇಲ್ಲೇ ನಮ್ಮ ಅಂಗಳ ಇದ್ದಿದ್ದು."

"ಸುಳ್ಳು! ನೀನು ಸುಳ್ಳು ಹೇಳ್ತೀಯ ಅಪ್ಪ!" ಅಂತ ದುಗ್ಗಿ ಕಿರುಚಿದ್ದಳು. ಅಪ್ಪ ಒದ್ದೆ ಗಳುವನ್ನು ಮೇಲೆಳೆದುಕೊಂಡ.

"ಇಲ್ಲ ವನೂ," ದುಗ್ಗಿ ಈಗ ಅಂದಳು. "ಏನೂ ಕಾಣಲ್ಲ. ನಿಮ್ಮದೂ ಇಲ್ಲ, ನಮ್ಮದೂ ಇಲ್ಲ. ಮುಳುಗಿದೆ."

ಉಮಾಮಹೇಶ್ವರನ ಕುಣಿತ ನಿಂತಿತು.

"ಅಜ್ಜಿ ಬುಟ್ಟಿ ತುಂಬಾ ಚರಗದ ಅಡಿಗೆ ತಂದಿತ್ತು, ಗದ್ದೆಗೆ ಹಾಕಕ್ಕೆ. ಭೂಮಿತಾಯಿ ಬಸುರಿ, ನೀರಲ್ಲಿದ್ರೂ ಬಯಕೆ ಊಟ ಬಡಿಸದೆ ಬಿಡಕ್ಕಾಗುತ್ತಾ ಅಂತು. ಆದ್ರೆ ನಮ್ಮ ಗದ್ದೆ ಎಲ್ಲಿದೆ ಅಂತಲೇ ಗೊತ್ತಾಗ್ಲಿಲ್ಲ. ಒಂದು ಬೈನೆ ಮರದ ತುದಿ ಕಾಣ್ತಿತ್ತು. ಅದೇ ನಮ್ದು ಅಂದ್ಕೊಂಡು ಅಜ್ಜಿ ಎಲ್ಲಾ ಅಲ್ಲೇ ಹಾಕ್ತು. ಬುಟ್ಟಿ ಖಾಲಿಯಾದ್ಮೇಲೆ ಅಪ್ಪ ಹೇಳಿದ್ದು, ಇದು ಸೀತಾರಾಮಪ್ಪನ ಬೈನೆ ಅಂತ."

"ನಮ್ಮಪ್ಪಂದಾ? ನಮ್ಮ ಗದ್ದೆನಾ?" ವನಮಾಲಾ ಕೇಳಿದಳು.

"ಹ್ಞೂಂ. ನಮ್ಮ ಗದ್ದೆಗೆ ಏನೂ ಉಳೀಲಿಲ್ಲ. ಅಜ್ಜಿ ಬುಟ್ಟಿ ಮಗುಚಿ ನೋಡ್ತು. ಆಮೇಲೆ, ಅದೂ ಹಸಿದಿರುತ್ತೆ, ಉಣ್ಣಲಿ ಬಿಡು ಅಂತು."

ವನಮಾಲಾ ಕಣ್ಣು ಒರೆಸಿಕೊಂಡಳು. "ನಾವು ಈ ಸಲ ಹಾಕಲೇ ಇಲ್ಲ. ಅದಕ್ಕೇ ಅವ್ವ ಅಳ್ತಿತ್ತು. ಕಡುಬು ಹಾಕಿದ್ರಾ?"

"ಒಂದು."

"ದೊಡ್ಡದಾ?"

ಎಲ್ಲರೂ ದುಗ್ಗಿಯ ಬಾಯನ್ನೇ ನೋಡಿದರು. ಗಾಡಿಚಕ್ರದಷ್ಟು ಅಂತಾಳೋ, ಗುಡ್ಡದಷ್ಟು ಅಂತಾಳೋ!

ದುಗ್ಗಿ ಮುಷ್ಟಿ ಕಟ್ಟಿ ತೋರಿಸಿದಳು. ಯೋಚಿಸಿದಳು. ಮುಷ್ಟಿಯನ್ನು ಇನ್ನೂ ಸ್ವಲ್ಪ ಬಿಗಿಮಾಡಿ ಸಣ್ಣದು ಮಾಡಿದಳು.

"ಇಷ್ಟೇ," ಅಂದಳು.