ಕುಂಚಿಗಿಯೊಳಗಿನ ಅರ್ಧ ಗಂಟೆ

ನಲ್ಲಿಯಿಂದ ಬೀಳುವ ನೀರನ್ನು ಇಂಪನಾ ಅಂಗೈಯಲ್ಲಿ ಹಿಡಿದು ನಗುತ್ತಿದ್ದಳು. ನೀರು ಬೆರಳಸಂದಿಯಿಂದ ಜಾರಿತು. ಮತ್ತೆ ಹಿಡಿದಳು, ಮತ್ತೆ ನಕ್ಕಳು. ಅವಳಿಗೆ ಹದಿನೈದು ವರ್ಷ. ತಲೆಯ ಮೇಲಿನ ಮೆತ್ತನೆಯ ಟೊಪ್ಪಿಗೆಗೆ ಪೇಟೆಂಟಿನಲ್ಲಿ ಉದ್ದನೆಯ ಹೆಸರಿತ್ತು. ಅವಳು ಬಂದಿದ್ದ ಹುಬ್ಬಳ್ಳಿಯ ಪ್ರಯೋಗಾಲಯದವರು ಮಾತ್ರ ಅದನ್ನು ಕುಂಚಿಗಿ ಎನ್ನುತ್ತಿದ್ದರು, ಎಳೆಗೂಸುಗಳ ತಲೆಗೆ ಕಟ್ಟುತ್ತಾರಲ್ಲ, ಅದರ ಹೆಸರಿನಿಂದ.

ಅದನ್ನು ರೂಪಿಸಿದವರು ನರವಿಜ್ಞಾನಿ ಡಾ. ಶಾಕಂಬರಿ ಪಟ್ಟಣಶೆಟ್ಟಿ. ಬೆಳೆದ ಮಿದುಳು ಜಗತ್ತನ್ನು ನೋಡುವುದಕ್ಕಿಂತ ಊಹಿಸುವುದೇ ಹೆಚ್ಚು. ಮುಂದೇನು ಬರುತ್ತದೆ, ಮಾತಿನ ಹಿಂದೆ ಏನಿದೆ ಎಂದು ಮೊದಲೇ ಅಂದಾಜು ಮಾಡಿಬಿಡುತ್ತದೆ. ಕುಂಚಿಗಿಯ ಕಾಂತತರಂಗಗಳು ಆ ಊಹೆಯನ್ನು ಅರ್ಧ ಗಂಟೆ ಮಲಗಿಸುತ್ತವೆ. ಯಾವುದರಲ್ಲೂ ರುಚಿಯಿಲ್ಲದೆ ವರ್ಷಗಟ್ಟಲೆ ಬದುಕಿದವರು ಅದನ್ನು ತೊಟ್ಟು ಉಪ್ಪಿಗೆ ಬೆರಗಾದದ್ದುಂಟು. ಅಷ್ಟನ್ನು ಕೊಡುವ ಯಂತ್ರ ಬೇರೊಂದಿರಲಿಲ್ಲ.

ಇಂಪನಾ ಕೇಳಿದ್ದು ಅರ್ಧ ಗಂಟೆಯನ್ನಲ್ಲ. ಹದಿನಾರು ವರ್ಷ ತುಂಬುವ ಮೊದಲು ಸತತವಾಗಿ ತೊಟ್ಟರೆ ಊಹೆ ಶಾಶ್ವತವಾಗಿ ಮಲಗುತ್ತದೆ. ಆ ಚಿಕಿತ್ಸೆಗೆ ಅನುಮತಿ ಸಿಕ್ಕ ಮೇಲೆ ಬಂದವರಲ್ಲಿ ಇವಳೇ ಮೊದಲಿಗಳು.

"ಯಾಕ ಬೇಕವಾ ನಿನಗ?" ಎಂದು ಡಾಕ್ಟರು ಬೆಳಿಗ್ಗೆ ಕೇಳಿದ್ದರು.

"ಮೊನ್ನೆ ಅತ್ತಿ ನಮ್ಮವ್ವಗ 'ಸೀರಿ ಭಾಳ ಛಲೋ ಐತಿ' ಅಂದಳ್ರಿ. ಮೊದಲಾಗಿದ್ರ ನಾ ಖುಷಿಪಡ್ತಿದ್ದೆ. ಈಗ ಅದು ಚ್ಯಾಷ್ಟಿ ಅಂತ ತಿಳೀತು. ಎಲ್ಲಾರ ಮಾತಿನೊಳಗ ಇನ್ನೊಂದು ಮಾತು ಕೇಳಸ್ತೈತಿ. ದೊಡ್ಡಾಕಿ ಆಗೂದಂದ್ರ ಹಿಂಗಿದ್ರ, ನನಗ ಬ್ಯಾಡ್ರಿ. ಅಂಜಿಕಿ ಬರ್ತೈತಿ."

"ತೊಟ್ಟಿಲಾ ಅಟ್ಟದ ಮ್ಯಾಲೈತಿ, ಇಳಸ್ಲೇನು?" ಎಂದಿದ್ದಳು ತಾಯಿ ಶೈಲಾ. ಆದರೆ ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ, ಬೇಡವೆಂದೂ ಅಂದಿರಲಿಲ್ಲ.

ಈಗ ಮಗಳು ನೀರಾಟ ಮುಗಿಸಿ ಕುಂಚಿಗಿಯಲ್ಲೇ ಬಂದಾಗ ಶೈಲಾ ಡಬ್ಬಿ ತೆರೆದಳು. ನಸುಕಿನಲ್ಲೇ ಊರು ಬಿಟ್ಟಿದ್ದರು. ಒಂದೇ ಶೇಂಗಾ ಹೋಳಿಗೆ ಉಳಿದಿತ್ತು.

"ನಿನಗ?"

"ನಂದು ಆಗೇತವಾ, ನೀ ತಿನ್ನು."

ಇಂಪನಾ ತಿಂದಳು. ಸಿಹಿಗೆ ಕಣ್ಣು ಮುಚ್ಚಿಕೊಂಡಳು.

ಚಿಕಿತ್ಸೆಗೆ ಮೊದಲು ಅರ್ಧ ಗಂಟೆ ಕುಂಚಿಗಿ ತೊಡಿಸಿ, ಅದರ ವಿಡಿಯೊ ಚಿತ್ರಣವನ್ನು ತೊಟ್ಟವರಿಗೇ ತೋರಿಸಲೇಬೇಕೆಂದು ಡಾಕ್ಟರು ನಿಯಮ ಮಾಡಿದ್ದರು. ಕುಂಚಿಗಿ ತೆಗೆದು ನೋಡುತ್ತಿದ್ದ ಇಂಪನಾ ಹೋಳಿಗೆ ಬಂದಲ್ಲಿ, "ನಿಲ್ಲಸ್ರಿ" ಎಂದಳು. ತಾಯಿಯ ಕಡೆ ತಿರುಗಿದಳು.

"ಎವ್ವಾ, ನೀ ಯಾವಾಗ ತಿಂದಿ?"

"ಬಸ್ಸಿನ್ಯಾಗ."

"ಬಸ್ಸಿನ್ಯಾಗ ನಾ ನಿನ್ನ ಬಾಜೂಕಿದ್ದೆ."

ಶೈಲಾ ಡಬ್ಬಿಯ ಮುಚ್ಚಳ ಹಾಕತೊಡಗಿದಳು. ಇಂಪನಾ ಡಾಕ್ಟರಿಗೆ ಹೇಳಿದಳು: "ದಿನಾ ಹಿಂಗ ಸುಳ್ಳು ಹೇಳ್ತಾಳ್ರಿ. ದಿನಾ ನಾ ಹಿಡೀತೀನಿ. ಅರ್ಧಾ ಮುರದು ಅಕಿ ಬಾಯಾಗ ತುರಕ್ತೀನಿ. ಇವತ್ತ ನಂಬಿಬಿಟ್ಟೆ." ಆಮೇಲೆ ಕೇಳಿದಳು: "ಅತ್ತಿ ಮಾತಿಗಷ್ಟ ಬಂದ್ ಮಾಡಾಕ ಬರೂದಿಲ್ಲೇನ್ರಿ?"

"ಇಲ್ಲವಾ. ಅತ್ತಿ ಚ್ಯಾಷ್ಟಿ, ಅವ್ವನ ಸುಳ್ಳು, ಎರಡೂ ತಿಳಿಯೂದು ಮಿದುಳಿನ್ಯಾಗ ಒಂದ ಜಾಗಾದಿಂದ."

ಡಾಕ್ಟರ ಅರ್ಧ ಆಯುಷ್ಯದ ಕೆಲಸ ಆ ಹುಡುಗಿಯ ಉತ್ತರಕ್ಕೆ ಕಾದಿತ್ತು. ಆದರೂ ಒಲಿಸುವ ಒಂದು ಮಾತನ್ನೂ ಆಡಲಿಲ್ಲ.

"ಹಂಗಾರ ಬ್ಯಾಡ್ರಿ," ಎಂದಳು ಇಂಪನಾ. ದನಿಯಲ್ಲಿ ಅಂಜಿಕೆ ಇನ್ನೂ ಇತ್ತು. ಅದನ್ನು ಇಟ್ಟುಕೊಂಡೇ ಎದ್ದಳು. ಹೊರಗೆ ಎದುರಿನ ಖಾನಾವಳಿಯಲ್ಲಿ ತಾಯಿಯನ್ನು ಕೂರಿಸಿ ಎರಡು ಊಟ ಹೇಳಿದಳು.

ಶಾಶ್ವತ ಚಿಕಿತ್ಸೆ ಬೇಕೆಂದು ಆಮೇಲೆ ಬಂದ ಮಕ್ಕಳಿಗೆ ಡಾಕ್ಟರು ಇನ್ನೊಂದು ಷರತ್ತು ಸೇರಿಸಿದರು. ಕುಂಚಿಗಿ ತೊಟ್ಟು ಮನೆಯವರೊಬ್ಬರ ಜೊತೆ ಊಟ ಮಾಡಬೇಕು. ಹೆಚ್ಚಿನವರು ಚಿತ್ರಣ ನೋಡಿ, ಚಿಕಿತ್ಸೆ ಬೇಡವೆಂದು ಮನೆಗೆ ಹೊರಟುಹೋದರು.

ಇದು ಕತೆ; ನಿಜದಲ್ಲಿ ಇಂಥ ಕುಂಚಿಗಿ ಇನ್ನೂ ಹುಟ್ಟಿಲ್ಲ. ನಮ್ಮ ಅಡುಗೆಮನೆಗಳಲ್ಲಿ ಇವತ್ತೂ ಯಾರೋ 'ನಂದು ಆಯ್ತು' ಎನ್ನುತ್ತಿದ್ದಾರೆ. ಅದನ್ನು ನಂಬಿ ತಟ್ಟೆ ಮುಗಿಸುತ್ತಿರುವವರು ಮಕ್ಕಳಷ್ಟೇ ಅಲ್ಲ.