ಉತ್ತರದ ಬೆಳಕು

"ಚಿತ್ರ ಇಲ್ರೀ ಮಾಸ್ತರ! ಗೋಡಿ ಖಾಲಿ ಐತಿ!"

ಸೂಗಪ್ಪ ಬರಿಗಾಲಲ್ಲಿ ಓಡಿಬಂದು ಹೀಗೆ ಕೂಗಿದಾಗ ಡ್ರಾಯಿಂಗ್ ಮಾಸ್ತರ ಕರಿಬಸಯ್ಯ ಅಂಗಳದಲ್ಲಿ ನಿಂತು ಬೇವಿನ ಕಡ್ಡಿ ಜಗಿಯುತ್ತಿದ್ದರು. ಕಡ್ಡಿ ಕೈಯಿಂದ ಜಾರಿತು. ಯಾವ ಚಿತ್ರ ಎಂದು ಅವರು ಕೇಳಲಿಲ್ಲ.

ಲಿಂಗಸುಗೂರಿನ ಬಟ್ಟೆ ವ್ಯಾಪಾರಿ ಬಸವಂತರಾಯರ ಕಿರಿಯ ಮಗ ಈ ಸೂಗಪ್ಪ. ಬಡೋದೆಯ ವಿಶ್ವವಿದ್ಯಾಲಯದಲ್ಲಿ ಚಿತ್ರಕಲೆಯನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡು ಬಿ.ಎ. ಓದುತ್ತಿದ್ದ. ಚಿತ್ರ ಬರೆದರೂ ಪದವಿ ಕೊಡುತ್ತಾರೆಂದರೆ 1955ರಲ್ಲೂ ಊರು ಮುಸಿಮುಸಿ ನಗುತ್ತಿತ್ತು. ಹುಡುಗನ ತಲೆಗೆ ಆ ಹುಚ್ಚು ಹತ್ತಿಸಿದವರು ಕರಿಬಸಯ್ಯನವರು. ತಂದೆಗೆ ಎದುರು ನಿಂತು ಕಳಿಸಿಕೊಟ್ಟವನು ಅಣ್ಣ ಅಮರಪ್ಪ. ಕಡೆಯ ವರ್ಷದ ಪರೀಕ್ಷೆಗೆಂದು ಸೂಗಪ್ಪ ಬರೆದದ್ದೂ ಆ ಅಣ್ಣನ ತೈಲಚಿತ್ರವನ್ನೇ. ಇವತ್ತು ಸಂಜೆಯ ಬಸ್ಸಿಗೆ ಅದರ ಜೊತೆ ರಾಯಚೂರಿಗೆ ಹೊರಟು ರೈಲು ಹಿಡಿಯಬೇಕಿತ್ತು. ಚಿತ್ರವಿಲ್ಲದೆ ಪರೀಕ್ಷೆಯಿಲ್ಲ, ಪದವಿಯೂ ಇಲ್ಲ.

"ಯಾರ ಮ್ಯಾಲೆ ಸಂಶಯ?"

"ಸಂಶಯ ಏನ್ರಿ? ಅಪ್ಪಂದೇ ಕೆಲಸ. ಮೊನ್ನೆ ಉಣ್ಣೋ ಮುಂದ ಎಲ್ಲರ ಎದುರಿಗಿ ಅಂದಾನ, ಒಲಿಗಿ ಹಾಕ್ತೀನಿ ಅಂತ. ನಾ ಇನ್ನ ಆ ಮನ್ಯಾಗ ಇರಂಗಿಲ್ಲ. ಇವತ್ತ ಹೋದ್ರ ಮತ್ತ ಆ ಹೊಸ್ತಿಲ ತುಳಿಯಂಗಿಲ್ಲ!"

ಒಂದು ಮನೆಯನ್ನು ಒಡೆಯಲೆಂದು ಕರಿಬಸಯ್ಯನವರು ಈ ಹುಡುಗನ ಕೈಗೆ ಕುಂಚ ಕೊಟ್ಟಿರಲಿಲ್ಲ. ಧೋತರ ಸರಿಮಾಡಿಕೊಂಡು ಅವರು ನೆಟ್ಟಗೆ ನಡೆದದ್ದು ರಾಜೇಸಾಬರ ಮನೆಗೆ. ನಿಜಾಮರ ಕಾಲದಲ್ಲಿ ಪೊಲೀಸ್ ಅಮೀನರಾಗಿದ್ದ ರಾಜೇಸಾಬ್ ಈಗ ಎಲೆ ಅಡಿಕೆ ಹಾಕಿಕೊಂಡು ಬೇಸರದಲ್ಲಿ ದಿನ ದೂಡುತ್ತಿದ್ದರು. ಸುದ್ದಿ ಕೇಳಿದ್ದೇ ಟೋಪಿ ಹುಡುಕಿದರು.

ಸೂಗಪ್ಪನೊಂದಿಗೆ ಇಬ್ಬರೂ ಬಸವಂತರಾಯರ ಮನೆಗೆ ಬಂದರು. ಸಾಹುಕಾರರು ಪಡಸಾಲೆಯಲ್ಲಿ ಮುಖ ಗಂಟು ಹಾಕಿಕೊಂಡು ಕೂತಿದ್ದರು. ಬೋರ್ಡು ಬರೆಯುವ ಮಕ್ತುಮ್‌ಸಾಬ್ ಕಂಬಕ್ಕೊರಗಿ ನಿಂತಿದ್ದ. ಚಿತ್ರಕ್ಕೆ ಕಟ್ಟಿಗೆಯ ಚೌಕಟ್ಟು ಮಾಡಿಕೊಟ್ಟವನು ಅವನೇ. ಸೊಸೆ ವೀರಭದ್ರಮ್ಮ, ಅಂದರೆ ಅಮರಪ್ಪನ ಹೆಂಡತಿ, ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದಳು. ಅರಳೆ ವ್ಯಾಪಾರಕ್ಕೆಂದು ಸಿಂಧನೂರು ಕಡೆ ಹೋಗಿದ್ದ ಅಮರಪ್ಪ ಮಧ್ಯಾಹ್ನದ ಬಸ್ಸಿಗೆ ಬರುವವನಿದ್ದ.

"ಸಾಹುಕಾರ್ರ, ಒಲಿಗಿ ಹಾಕ್ತೀನಿ ಅಂದಿದ್ರಂತ?" ಎಂದು ರಾಜೇಸಾಬ್ ಕೇಳಿದರು.

"ಅಂದೀನಿ. ಹಾಕಿಲ್ಲ."

"ಚಿತ್ರ ಇದ್ದ ಖೋಲ್ಯಾಗ ಹೋಗಿದ್ರೇನು?"

"ಬಣ್ಣದ ವಾಸನಿ ಹೋಗೋತನಕ ಕಾಲ ಇಡಂಗಿಲ್ಲ ಅಂದೀನಿ. ಇಟ್ಟಿಲ್ಲ. ಆ ಚಿತ್ರ ಹೆಂಗೈತಿ ಅಂತನೂ ಕಣ್ಣೆತ್ತಿ ನೋಡಿಲ್ಲ ನಾನು!"

"ಮಕ್ತುಮ್, ನಿನ್ನೆ ಸಂಜಿಗಿ ನೀ ಇಲ್ಲಿದ್ದಿ?"

"ಇದ್ದೆರಿ. ಸೂಗಪ್ಪಣ್ಣ ಕರೆದು ತೋರಿಸಿದ್ರು. ಅಂಥಾ ಕ್ಯಾನ್ವಾಸು ನನಗೂ ಸಿಗಬೇಕಿತ್ತು ಅಂದಿದ್ದು ಖರೆ. ಕದ್ದು ಏನ್ ಮಾಡ್ಲಿರಿ? ಹಸಿ ಬಣ್ಣದ್ದು, ಹಿಡಿದ್ರ ಕೈಗಿ ಹತ್ತತೈತಿ."

"ತಂಗೀ, ನೀನು?"

"ನಾ ಮುಂಜಾನೆ ಹೂವು ಏರಿಸಾಕ ಹೋಗಿದ್ದೆರಿ," ಎಂದಳು ವೀರಭದ್ರಮ್ಮ. ಅವಳ ಕೈ ತಾಳಿಯನ್ನು ಹಿಡಿದಿತ್ತು.

ರಾಜೇಸಾಬ್ ಕೋಣೆಯೊಳಗೆ ಹೋದರು. ಮಾಸ್ತರರೂ ಸೂಗಪ್ಪನೂ ಹಿಂಬಾಲಿಸಿದರು. ಉತ್ತರಕ್ಕೆ ಒಂದು ದೊಡ್ಡ ಕಿಟಕಿ. ಎದುರಿನ ಗೋಡೆಯ ಮೇಲೆ ಸೂಗಪ್ಪನ ಅಜ್ಜ, ಅಜ್ಜಿ, ತಾಯಿ — ಮೂವರ ಫೋಟೋ. ಮೂರಕ್ಕೂ ತಾಜಾ ಮಲ್ಲಿಗೆ. ತಾಯಿಯ ಫೋಟೋದ ಪಕ್ಕದಲ್ಲಿ ಬಿಳಿ ಗೋಡೆ ಖಾಲಿ.

"ಮೊದಲಿಂದ ಇಲ್ಲೇ ಇತ್ತೇನು?"

"ಇಲ್ಲರಿ, ನಿನ್ನೆತನಕ ಸ್ಟ್ಯಾಂಡಿನ ಮ್ಯಾಲಿತ್ತು. ಒಣಗಲಿ ಅಂತ ರಾತ್ರಿ ಊಟಕ್ಕ ಮೊದಲು ಈ ಗೋಡಿಗಿ ಹಾಕಿದೆ. ಉತ್ತರದ ಬೆಳಕು ನೇರ ಬೀಳೋದು ಇದೊಂದೇ ಗೋಡಿಗಿ. ಆ ಬೆಳಕಿನ್ಯಾಗ ನೋಡಿದ್ರನ ಬಣ್ಣದ ತಪ್ಪು ತಿಳಿತಾವ ಅಂತ ನಮಗ ಬಡೋದ್ಯಾಗ ಕಲಿಸ್ಯಾರ. ನಾನ ಹೊಸ ಮೊಳಿ ಹೊಡೆದೆ."

ರಾಜೇಸಾಬ್ ಬಾಗಿಲ ಚೌಕಟ್ಟು ನೋಡಿದರು. ನೆಲ ನೋಡಿದರು. ಎಲ್ಲಿಯೂ ಒಂದು ಚುಕ್ಕೆ ಬಣ್ಣವಿಲ್ಲ. ಮತ್ತೆ ಗೋಡೆಯ ಹತ್ತಿರ ಬಂದು ಅಂಗೈಯಿಂದ ನಿಧಾನ ಸವರಿದರು. ಒಂದು ಕಡೆ ಬೆರಳು ನಿಂತಿತು. ಉಗುರಿನಿಂದ ಕೆರೆದು ಮೂಸಿದರು.

"ಅಯ್ಯಾರ, ಇದು ಸುಣ್ಣನಾ?"

ಕರಿಬಸಯ್ಯನವರಿಗೆ ಮೂಸುವ ಅಗತ್ಯವೇ ಬೀಳಲಿಲ್ಲ. "ವಿಭೂತಿ!"

"ನೋಡ್ರಿ!" ಸೂಗಪ್ಪ ಸಿಡಿದ. "ದಿನಾ ಮೈತುಂಬ ವಿಭೂತಿ ಹಚ್ಚಿಕೊಳ್ಳೋರು ಯಾರು? ಅಪ್ಪ!"

ಪಡಸಾಲೆಯಲ್ಲಿ ಕೂತಿದ್ದ ತಂದೆಗೆ ಆ ಮಾತು ಕೇಳಿಸಿತು. ಅವರು ಸಿಟ್ಟು ಮಾಡಲಿಲ್ಲ. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡರು. ಕರಿಬಸಯ್ಯನವರು ಅದನ್ನು ಬಾಗಿಲಿಂದಲೇ ಕಂಡರು. ಈ ಮನುಷ್ಯ ಕಳ್ಳನಲ್ಲ ಎಂದು ಅವರಿಗೆ ಆಗಲೇ ಅನ್ನಿಸಿತ್ತು. ಆದರೆ ಅನ್ನಿಸಿದ್ದನ್ನು ಸಾಬೀತು ಮಾಡುವುದು ಹೇಗೆ?

ರಾಜೇಸಾಬ್ ಎಲ್ಲರನ್ನೂ ಒಳಗೆ ಕರೆದರು. ಬಸವಂತರಾಯರು ಹಟ ಮುರಿದು ಬಂದು ಹೊಸ್ತಿಲಲ್ಲೇ ನಿಂತರು.

"ನೀವೆಲ್ಲ ಚಿತ್ರ ಎಲ್ಲೈತಿ ಅಂತ ಹುಡುಕಾಕತ್ತೀರಿ. ಮೊಳಿ ಎಲ್ಲೈತಿ ಅಂತ ಯಾರಾದ್ರೂ ಕೇಳಿದ್ರೇನು?"

ಎಲ್ಲರೂ ಗೋಡೆ ನೋಡಿದರು. ಹೌದು, ಮೊಳೆಯೂ ಇರಲಿಲ್ಲ.

"ಚಿತ್ರ ಬೇಕಾದವ ಚಿತ್ರ ಒಯ್ತಾನ. ಮೊಳಿ ಯಾಕ ಕೀಳ್ತಾನ? ತೂತಿಗೆ ಯಾಕ ವಿಭೂತಿ ಮೆತ್ತತಾನ? ಮಕ್ತುಮ್‌ಗ ಬೇಕಾಗಿದ್ದು ಕ್ಯಾನ್ವಾಸು. ಸಾಹುಕಾರ್ರಿಗೆ ಸಿಟ್ಟು ಚಿತ್ರದ ಮ್ಯಾಲೆ. ಮೊಳಿ ಅವರಿಗೇನ್ ಮಾಡೈತಿ? ಇದನ್ನ ತೆಗೆದವರಿಗೆ ಚಿತ್ರದ ಮ್ಯಾಲೆ ಸಿಟ್ಟಿಲ್ಲ. ಹಸಿ ಬಣ್ಣ ಎಲ್ಲೂ ತಾಗದಂಗ ಕೂಸಿನಂಗ ಎತ್ತಿಕೊಂಡು ಹೋಗ್ಯಾರ. ಅವರಿಗೆ ಆಗದೇ ಇದ್ದದ್ದು ಈ ಜಾಗ. ಸೂಗಪ್ಪ, ಇದು ಯಾರ ಗೋಡಿ?"

"ಯಾರ ಗೋಡಿ ಅಂದ್ರ..." ಸೂಗಪ್ಪ ಫೋಟೋಗಳ ಕಡೆ ನೋಡಿದ. ಅಜ್ಜ, ಅಜ್ಜಿ, ಅವ್ವ. ಆಮೇಲೆ ಆ ಖಾಲಿ ಜಾಗ. ಅವನ ಮುಖದ ರಕ್ತ ಇಳಿದುಹೋಯಿತು.

"ನೀ ಬೆಳಕು ನೋಡಿದಿ. ಸಾಲು ನೋಡಲಿಲ್ಲ," ಎಂದರು ರಾಜೇಸಾಬ್, ಮೆಲ್ಲಗೆ. "ಪರವೂರಿಗಿ ಹೋದ ಮನುಷ್ಯಾನ ಚಿತ್ರ ತೀರಿಕೊಂಡವರ ಸಾಲಿನ್ಯಾಗ. ಮುಂಜಾನೆ ಹೂವು ಹಿಡಕೊಂಡು ಬಂದವರು ಅದನ್ನ ನೋಡ್ಯಾರ. ತಂಗೀ ವೀರಭದ್ರಮ್ಮ, ನಾ ತಪ್ಪು ಹೇಳಾಕತ್ತಿದ್ರ ತಿದ್ದು."

ವೀರಭದ್ರಮ್ಮ ಗೋಡೆಗೊರಗಿ ಕುಸಿದು ಕೂತಳು.

"ಕೈಯಾಗ ಹೂವಿತ್ರಿ. ಅಜ್ಜಗ ಏರಿಸಿದೆ, ಅಜ್ಜಿಗಿ ಏರಿಸಿದೆ, ಅತ್ತಿಯವರಿಗಿ ಏರಿಸಿದೆ. ಮುಂದ ನೋಡಿದ್ರ ಇವರು! ನಕ್ಕೋತ ನಿಂತಾರ. ಎದಿ ಒಡೀತ್ರಿ ನಂದು. ಆ ಜಾಗದಾಗ ಮೊಳಿನೂ ಇರಬಾರದು ಅಂತ ಕಿತ್ತು, ತೂತಿಗೆ ಪೂಜಿ ವಿಭೂತಿ ಮೆತ್ತಿದೆ. ಇವರು ಊರು ಮುಟ್ಟೋತನಕ ಬಚ್ಚಿಟ್ಟು, ಬಂದಮ್ಯಾಲೆ ಕೊಡೋಣಂತ ಮಾಡಿದ್ದೆ."

"ನನಗೊಂದು ಮಾತು ಹೇಳಬಾರದಿತ್ತ, ಅತ್ತಿಗೆಮ್ಮಾ?"

"ಏನಂತ ಹೇಳ್ಲಿ? ಇವರು ಎಲ್ಲಿ ನಿಂತಾರ ಅಂತ ನನ್ನ ಬಾಯಿಲೆ ಹೆಂಗ ಅನ್ಲಿ? ಮಾವನವರ ಮ್ಯಾಲೆ ಮಾತು ಬರ್ತೈತಿ ಅಂತ ತಿಳೀಲಿಲ್ಲ. ಮಾತು ಬಂದಮ್ಯಾಲೆ ಹೇಳಾಕ ಬಾಯಿ ಬರಲಿಲ್ಲ."

ಅವಳೇ ಎದ್ದು ಹೋಗಿ ತನ್ನ ಕೋಣೆಯಿಂದ ಚಿತ್ರ ತಂದಳು. ಎರಡೂ ಅಂಚು ಹಿಡಿದು, ಮೈಗೆ ತಾಗಿಸದೆ. ಚಿತ್ರ ಎಲ್ಲಿಯೂ ಕೆಟ್ಟಿರಲಿಲ್ಲ. ಅಮರಪ್ಪನ ಎಡಗೆನ್ನೆಯ ಮೇಲೆ ಮಾತ್ರ ಕಾಡಿಗೆಯ ಒಂದು ಸಣ್ಣ ಬೊಟ್ಟಿತ್ತು. ದೃಷ್ಟಿಯಾಗದಿರಲಿ ಎಂದು ಅವಳೇ ಇಟ್ಟದ್ದು.

"ಒರೆಸಿಬಿಡು ಸೂಗಪ್ಪ. ನಿಮ್ಮ ಪರೀಕ್ಷಿ ಸಾಹೇಬರು ನಗ್ತಾರ."

ಸೂಗಪ್ಪ ಅವಳಿಗೆ ಉತ್ತರ ಕೊಡುವ ಮೊದಲು ತಂದೆಯ ಕಾಲು ಹಿಡಿದ. ಬಸವಂತರಾಯರು ಮಗನ ತಲೆಯ ಮೇಲೆ ಕೈಯಿಟ್ಟರು. ಆದರೆ ಅವರ ಕಣ್ಣು ಚಿತ್ರದ ಮೇಲಿತ್ತು. ಮೊದಲ ಸಲ ನೋಡುತ್ತಿದ್ದರು. ಎಷ್ಟೋ ಹೊತ್ತು ನೋಡಿದರು.

"ಲೇ, ಗದ್ದ ನನ್ನಂಗನ ಐತಲ್ಲೋ."

"ನಿಮ್ಮದ ಐತಿ, ಅಪ್ಪಾ."

ಕರಿಬಸಯ್ಯ ಮಾಸ್ತರರು ಕಿಟಕಿಯ ಕಡೆ ತಿರುಗಿ ಕಣ್ಣು ಒರೆಸಿಕೊಂಡರು. ರಾಜೇಸಾಬ್ ಅಡಿಕೆಯ ಚೂರು ಬಾಯಿಗೆ ಹಾಕಿಕೊಂಡು, ನೋಡಿಯೂ ನೋಡದವರಂತೆ ನಿಂತರು.

ಮಧ್ಯಾಹ್ನದ ಬಸ್ಸಿಗೆ ಅಮರಪ್ಪ ನಗುತ್ತ ಇಳಿದ. ಸಂಜೆಯ ಬಸ್ಸಿಗೆ ಸೂಗಪ್ಪ ಹೊರಟ. ಮಕ್ತುಮ್‌ಸಾಬ್ ಹಲಗೆ ಹೊಡೆದು ಕಟ್ಟಿಕೊಟ್ಟ ಪೆಟ್ಟಿಗೆಯನ್ನು ಬಸ್ಸಿನವರೆಗೂ ಹೊತ್ತುಕೊಂಡು ಹೋದವರು ಬಸವಂತರಾಯರು. ಯಾರಿಗೂ ಮುಟ್ಟಗೊಡಲಿಲ್ಲ.

"ಪರೀಕ್ಷಿ ಮುಗಿದ ಮ್ಯಾಲೆ ವಾಪಸ್ ತಾ," ಎಂದರು. "ಪಡಸಾಲ್ಯಾಗ, ನಾ ಕುಂದ್ರೋ ಜಾಗದ ಎದುರಿಗಿ ಹಾಕೋಣ. ಮೊಳಿ ನಾ ಹೊಡಿತೀನಿ."

ಪೆಟ್ಟಿಗೆಯೊಳಗೆ ಅಮರಪ್ಪನ ಕೆನ್ನೆಯ ಕಾಡಿಗೆ ಹಾಗೇ ಇತ್ತು. ಸೂಗಪ್ಪ ಅದನ್ನು ಒರೆಸಿರಲಿಲ್ಲ.