ಅಪ್ಪನ ಬುಲೆಟ್ಟಿನ ತಗಡು ಕವರು

"ಯಾರನ್ನು ಕೇಳಿ ಇದನ್ನು ಬದಲಿಸಿದ್ದು?"

ಸುಳ್ಯದ ಗ್ಯಾರೇಜಿನಲ್ಲಿ ಪ್ರಣೀತಾ ಸಿಡುಕಿದಾಗ ಮೆಕ್ಯಾನಿಕ್ ಸುಜಯ್ ತಬ್ಬಿಬ್ಬಾದ. ಪಾಪ, ಹೊಗಳುತ್ತಾಳೆಂದು ಕಾದಿದ್ದ!

ಅಪ್ಪ ದೇರಣ್ಣ ತೀರಿಕೊಂಡ ಮೇಲೆ ಅವರ ಹಳೆ ಬುಲೆಟ್ ಅವಳದ್ದಾಗಿತ್ತು. ಎಂಜಿನ್ನಿನ ಬದಿಯಲ್ಲಿ ಪುಶ್‌ರಾಡ್ ಎಂಬ ಸರಳುಗಳನ್ನು ಮುಚ್ಚುವ ಕವರನ್ನು ಅವರೇ ಅಲ್ಯೂಮಿನಿಯಂ ತಟ್ಟೆ ಕತ್ತರಿಸಿ ಮಾಡಿದ್ದರು. ಈಗ ಅಲ್ಲಿ ಫಳಫಳ ಹೊಳೆಯುವ ಹೊಸದು ಕೂತಿತ್ತು.

"ಒಳಗೆ ಟ್ಯಾಪೆಟ್ ಲೂಸಾಗಿ ಟಕಟಕ ಸದ್ದು ಬರ್ತಿತ್ತು, ಟೈಟ್ ಮಾಡಿದೆ. ಹಾಗೇ ಓಡಿಸಿದ್ರೆ ಪುಶ್‌ರಾಡ್ ಹಾಳಾಗ್ತದೆ. ಆ ಕವರಲ್ಲಿ ಎಣ್ಣೆಯೂ ಸೋರ್ತಿತ್ತು" ಎಂದ ಮೆಲ್ಲಗೆ.

ಅವಳು ಬುಲೆಟ್ ಹತ್ತಿ ಹೊರಟಳು. ಇವನಿಗೆ ಎಂಜಿನ್ ಬಿಟ್ಟರೆ ಬೇರೇನೂ ಗೊತ್ತಿಲ್ಲ... ಆದರೂ ಅವನ ಸಪ್ಪೆ ಮುಖ ದಾರಿಯುದ್ದಕ್ಕೂ ಕಣ್ಣಮುಂದೆಯೇ ಇತ್ತು.

ಮನೆ ಹತ್ತಿರದ ಗುತ್ತಿಗಾರಿನ ತಿರುವಿನಲ್ಲಿ ಬುಲೆಟ್ಟಿನ 'ಟಕಟಕ' ಕೇಳಿದರೆ ಅಮ್ಮ ಶೀಲಾವತಿ ಕೆಲಸ ಬಿಟ್ಟು ಗೇಟಿಗೆ ಬರುತ್ತಿದ್ದರು. ಅಪ್ಪ ಇದ್ದಾಗಲೂ, ಆಮೇಲೂ. ಅಂದು ಬರಲಿಲ್ಲ. ಗಾಡಿ ಎಲ್ಲಿ ಬಿಟ್ಟೆ, ಸದ್ದೇ ಕೇಳಲಿಲ್ಲವಲ್ಲ ಎಂದು ಕೇಳಿದರು. ವಿಷಯ ತಿಳಿದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಮರುದಿನ ಪ್ರಣೀತಾ ಸುಜಯ್‌ಗೆ ಫೋನಿನಲ್ಲಿ ಇದನ್ನೆಲ್ಲ ಹೇಳುತ್ತ ಅತ್ತೇಬಿಟ್ಟಳು. ಅವನು "ಸರಿ, ನೋಡ್ತೇನೆ" ಎಂದಷ್ಟೇ ಹೇಳಿ ಫೋನಿಟ್ಟ. ಎಂಥ ಮನುಷ್ಯನಪ್ಪಾ!

ಆದರೆ ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಅವನೇ... ಪೇಪರಿನಲ್ಲಿ ಸುತ್ತಿದ ಅಪ್ಪನ ಕವರು ಹಿಡಿದು ನಿಂತಿದ್ದ! ಅವಳ ಕೋಪ ಕಂಡ ದಿನವೇ ಗುಜರಿಯಿಂದ ಎತ್ತಿಟ್ಟಿದ್ದನಂತೆ. ಸದ್ದು ಅಷ್ಟು ದೊಡ್ಡದಾಗುತ್ತಿದ್ದದ್ದು ಈ ತೆಳು ತಗಡಿನಿಂದ, ಟ್ಯಾಪೆಟ್ ಸರಿಯಾಗಿದ್ದರೂ ಇದು ಮಾತಾಡುತ್ತದೆ ಎನ್ನುತ್ತ ಕೂರಿಸಿದ.

"ತಿರುವಿನವರೆಗೆ ಹೋಗಿ ಬನ್ನಿ."

ಟಕಟಕಟಕ... ಅವಳು ವಾಪಸ್ ಬರುವಾಗ ಗೇಟಿನಲ್ಲಿ ಅಮ್ಮ! ಕೈಯೆಲ್ಲ ದೋಸೆಹಿಟ್ಟು, ಮುಖದಲ್ಲಿ ನಗು. ಸುಜಯ್‌ಗೆ ಕಾಫಿ ಕುಡಿಯದೆ ಹೋಗಬಾರದೆಂದು ಕಟ್ಟಪ್ಪಣೆ ಮಾಡಿ ಒಳಗೆ ಹೋದರು.

ಪ್ರಣೀತಾ ಬುಲೆಟ್ಟಿಗೆ ಸ್ಟ್ಯಾಂಡ್ ಹಾಕಿ ಅವನ ಕಡೆ ತಿರುಗಿದಳು.

"ನಿಮ್ಮ ಉಪಕಾರ ಮರೆಯುದಿಲ್ಲ. ಅವತ್ತು ಬೈದದ್ದಕ್ಕೆ..."

"ಬೈದದ್ದು ಒಳ್ಳೆದೇ ಆಯ್ತು. ಅವತ್ತಿನಿಂದ ನಿಮ್ಮದೇ ನೆನಪು ಪ್ರಣೀತಾ. ನೀವು ಬೈಯದಿದ್ರೆ ಈ ಮನೆಗೆ ನಾನು ಬರುದು ಹೇಗೆ?" ಅವನು ಬಟ್ಟೆಯಿಂದ ಕವರಿನ ಅಂಚು ಒರೆಸಿದ. "ಆದ್ರೆ ಇದರಲ್ಲಿ ಎಣ್ಣೆ ಜಿನುಗ್ತದೆ. ಆಗಾಗ ಬಂದು ನೋಡ್ಬೇಕಾಗ್ತದೆ."

"ಎಷ್ಟು ಸಮಯ?"

"ನೀವು ಸಾಕು ಹೇಳುವವರೆಗೆ."

ಅವಳು ಅವನ ಕೈಯಿಂದ ಬಟ್ಟೆ ತೆಗೆದುಕೊಂಡು ಅವನ ಬೆರಳಿಗೆ ಅಂಟಿದ್ದ ಎಣ್ಣೆ ಒರೆಸಿದಳು.

"ನಾನು ಹೇಳುದೇ ಇಲ್ಲ."